ಕಂಪನಿದು ಕೊಡ್ಲಾ, ಲೋಕಲ್ ಕೊಡ್ಲಾ?

ಎಂಜಿನ್ ಬಿಚ್ಚಿ ಹಾಕಿದವರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದರೆಂದರೆ ನಾನು ಮೊದಲು ಕುರ್ಚಿಯನ್ನು ಗೋಡೆಗೆ ಒತ್ತರಿಸಿಕೊಂಡು ಕೂರುತ್ತೇನೆ. ಅವರಾಡುವ ಮಾತಿಗೆ ಬೆಚ್ಚಿ ಹಿಂದಕ್ಕೆ ಬಿದ್ದರೆ ಹಿಡಿಯುವವರು ಯಾರೂ ಇಲ್ಲ ನೋಡಿ. ಈ ಕುರ್ಚಿಗೆ ಬಂದ ಹೊಸದರಲ್ಲಿ ಇಂಥವೆಲ್ಲ ಯಾವಾಗಲೋ ಒಮ್ಮೆ ಆಗುತ್ತವೆ ಅಂದುಕೊಂಡಿದ್ದೆ. ಈಗ ಒಂದು ವಾರ ಏನೂ ಆಗದಿದ್ದರೆ ಊರಿಗೆ ಏನಾಯಿತಪ್ಪಾ ಎಂದು ನನಗೇ ದಿಗಿಲಾಗುತ್ತದೆ.

ನಮ್ಮದು ದಾವಣಗೆರೆಯಲ್ಲಿ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ. ಮಾವನವರು ಶುರು ಮಾಡಿದ್ದು. ನಮ್ಮ ಯಜಮಾನರು ಬೆಳಗ್ಗೆ ಎದ್ದರೆ ಹರಿಹರ, ಗುತ್ತೂರು ಕಡೆಯ ಗ್ಯಾರೇಜುಗಳಿಗೆ ಮಾಲು ಮುಟ್ಟಿಸಲು ಹೊರಟುಬಿಡುತ್ತಾರೆ. ಕೌಂಟರಿನಲ್ಲಿ ನಾನು. ಗಾಡಿ ಮಾಡಿದ ಕಂಪನಿಯೇ ತನ್ನ ಹೆಸರಿನ ಡಬ್ಬಿಯಲ್ಲಿ ಕೊಡುವ ಮಾಲಿಗೆ ಇಲ್ಲಿ ‘ಕಂಪನಿದು’ ಅಥವಾ ‘ಒರಿಜಿನಲ್’ ಅನ್ನುತ್ತಾರೆ. ಬೇರೆ ಯಾರೋ ಅದೇ ಅಳತೆಗೆ ಮಾಡಿ ಕಡಿಮೆ ಬೆಲೆಗೆ ಕೊಡುವುದು ‘ಲೋಕಲ್’. ಲೋಕಲ್ಲೆಲ್ಲ ಕೆಟ್ಟದ್ದಲ್ಲ. ಕೆಲವು ಚೆನ್ನಾಗಿ ಬಾಳುತ್ತವೆ, ಕೆಲವು ಹಾಕಿದ ವಾರಕ್ಕೇ ಹೊಗೆ ಕಾರುತ್ತವೆ. ಮಾವನವರು ಹೇಳಿದ್ದು ಒಂದೇ ಮಾತು: “ಎರಡೂ ಮಾರವ್ವಾ. ಆದ್ರೆ ಇದನ್ನ ಅದು ಅಂತ ಮಾತ್ರ ಮಾರಬ್ಯಾಡ.” ನಮ್ಮ ಅಂಗಡಿ ನಿಂತಿರುವುದು ಈ ಮಾತಿನ ಮೇಲೆ. ಅದು ಹೋದರೆ ಉಳಿಯುವುದು ಬೋರ್ಡು ಮತ್ತು ಬೀಗ.

ಹಲ್ಲಿನ ಪರೀಕ್ಷೆ

ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ತಮ್ಮ ಟ್ರ್ಯಾಕ್ಟರಿಗೆ ಪಿಸ್ಟನ್ ರಿಂಗು ಕೇಳಿಕೊಂಡು ಬಂದರು. ಮಾರ್ಕೆಟ್ಟಿನಲ್ಲಿ ಜೋಳದ ಕಾಳನ್ನು ಬಾಯಿಗೆ ಹಾಕಿ ಕಟಕ್ಕೆಂದು ಕಡಿದು, ಹಸಿಯೋ ಒಣಗಿದ್ದೋ ಹೇಳಿಬಿಡುವ ಮನುಷ್ಯ. ನಾನು ಕಂಪನಿಯ ಡಬ್ಬಿ ತೆಗೆದು, ಅದರ ಮೇಲಿನ ಚೌಕಳಿ ಗುರುತನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, “ನೋಡ್ರಿ, ಅಸಲಿ ಅಂತ ಬರ್ತೈತೆ” ಎಂದು ತೋರಿಸಿದೆ.

“ಮೊಬೈಲ್ ಮಾತು ಬಿಡ್ರಕ್ಕಾರೆ. ಅದರಾಗೆ ಏನು ಬೇಕಾದ್ರೂ ಬರ್ತೈತೆ” ಎಂದು ರಿಂಗನ್ನು ಕೈಗೆ ತೆಗೆದುಕೊಂಡರು. ತಿರುಗಿಸಿ ನೋಡಿದರು. ಮೂಸಿದರು. ಮೂಸುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆಮೇಲೆ ಅದನ್ನು ದವಡೆಗೆ ಕೊಟ್ಟು ಕಟಕ್ಕೆಂದು ಕಡಿದೇಬಿಟ್ಟರು.

ನಾನು ಎದ್ದು ನಿಂತೆ. ಸದ್ದಾದದ್ದು ರಿಂಗಿನದ್ದಲ್ಲ. ಅವರು ಅಂಗೈಗೆ ಉಗುಳಿ ನೋಡಿದರೆ ಹಲ್ಲಿನ ಚೂರು. ನೀರು ಕೊಡಲಾ, ಡಾಕ್ಟರನ್ನು ಕರೆಸಲಾ ಎಂದು ನಾನು ಗಡಿಬಿಡಿ ಮಾಡುತ್ತಿದ್ದರೆ ಅವರ ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು. “ಕಂಪನಿದೇ ಐತ್ರಿ. ಕಟ್ಟಿಕೊಡ್ರಿ” ಎಂದರು.

ಮುಂದಿನ ವಾರ ಆಯಿಲ್ ಒಯ್ಯಲು ಬಂದಾಗ ನಕ್ಕರು. ಬಾಯಲ್ಲಿ ಹೊಸ ಹಲ್ಲು. “ಹಲ್ಲಿನ ಡಾಕ್ಟ್ರೂ ನಿಮ್ಮಂಗೇ ಅಕ್ಕಾರೆ. ಫಾರಿನ್‌ದು ಹಾಕ್ಲೋ, ಲೋಕಲ್ ಹಾಕ್ಲೋ ಅಂತ ಕೇಳಿದ್ರು. ಲೋಕಲ್ಲೇ ಹಾಕ್ರಿ ಅಂದೆ. ಒರಿಜಿನಲ್ ಇದ್ದದ್ದೇ ತಡೀಲಿಲ್ಲ.”

ಖಾಲಿ ಡಬ್ಬಿ

ಹರಿಹರದಲ್ಲಿ ಒಂದು ಮನೆ. ಅಪ್ಪ, ಇಬ್ಬರು ಗಂಡುಮಕ್ಕಳು, ಮೂವರಿಗೂ ಸೇರಿ ಒಂದು ಹಳೇ ಟೆಂಪೋ. ಅದರ ಎಂಜಿನ್ ಕೆಲಸಕ್ಕೆ ಬಂದಿತ್ತು. ಮೊದಲು ಕಿರಿಯ ಮಗ ಬಂದ. ಅತ್ತಿತ್ತ ನೋಡಿ, ಕೌಂಟರಿನ ಮೇಲೆ ಬಾಗಿ, “ಅಕ್ಕಾರೆ, ಮಾಲು ಲೋಕಲ್ ಕೊಡ್ರಿ. ಆದ್ರೆ ಕಂಪನಿ ಡಬ್ಬೀಲಿ ಹಾಕಿ ಕೊಡ್ರಿ” ಎಂದ.

ನನಗೆ ಮೈ ಉರಿಯಿತು. ನಮ್ಮಲ್ಲಿ ಖಾಲಿ ಡಬ್ಬಿ ಹೊರಗೆ ಹೋಗುವಂತೆಯೇ ಇಲ್ಲ, ಹರಿದೇ ಬಿಸಾಡುವುದು. ಯಾಕೆ ಅಂತ ಗದರಿ ಕೇಳಿದೆ. “ನಮ್ಮಣ್ಣ ಕಂಪನಿದೇ ಹಾಕಬೇಕು ಅಂತಾನೆ. ಆ ಮುದಿ ಗಾಡಿಗೆ ಯಾತಕ್ಕೆ? ಡಬ್ಬಿ ನೋಡಿದ್ರೆ ಸುಮ್ಮನಾಗ್ತಾನೆ” ಎಂದ. ಆಗುವುದಿಲ್ಲ ಎಂದು ಕಳಿಸಿದೆ.

ಮಧ್ಯಾಹ್ನ ಅಣ್ಣ ಬಂದ. ಅವನೂ ಅತ್ತಿತ್ತ ನೋಡಿದ, ಅವನೂ ಬಾಗಿದ. “ಅಕ್ಕಾರೆ, ಮಾಲು ಕಂಪನಿದೇ ಕೊಡ್ರಿ. ಆದ್ರೆ ಲೋಕಲ್ ಡಬ್ಬೀಲಿ ಹಾಕಿ ಕೊಡ್ರಿ. ಕಂಪನಿ ಡಬ್ಬಿ ನೋಡಿದ್ರೆ ನಮ್ಮಪ್ಪ ಉಣ್ಣಾದು ಬಿಡ್ತಾನೆ.” ಮೋಸವನ್ನು ಹೀಗೆ ಹಿಂದುಮುಂದಾಗಿಯೂ ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ. ಅವನನ್ನೂ ಬರಿಗೈಯಲ್ಲಿ ಕಳಿಸಿದೆ.

ಸಂಜೆ ಅಪ್ಪನೇ ಬಂದರು. ಅವರು ಅತ್ತಿತ್ತ ನೋಡಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. “ಅವ್ವಾ, ಎರಡು ಡಬ್ಬಿ ಕೊಡು. ಒಂದು ಕಂಪನಿದು, ಒಂದು ಲೋಕಲ್ಲು. ಒಳಗೆ ಏನೂ ಬ್ಯಾಡ.”

“ಒಳಗೆ ಏನೂ ಇಲ್ಲದೆ ಡಬ್ಬಿ ತಗೊಂಡು ಏನು ಮಾಡ್ತೀರಿ ಯಜಮಾನ್ರೆ?”

“ಹಿರೇನಿಗೆ ಒಂದು ತೋರಿಸ್ತೀನಿ, ಕಿರೇನಿಗೆ ಒಂದು ತೋರಿಸ್ತೀನಿ. ಯಾಕ ಮಕ್ಕಳ ಮನಸ್ಸು ನೋಯಿಸ್ಲಿ?”

“ಮತ್ತೆ ಗಾಡಿಗೆ?”

“ಗಾಡಿ ಎಲ್ಲೈತವ್ವಾ? ಮುಂಜಾನೇನೇ ಗುಜರಿಗೆ ಕೊಟ್ಟು ಬಂದೀನಿ.”

ಮೇಸ್ತ್ರಿಯ ಬೈಕು

ನಮ್ಮ ಅಂಗಡಿಯ ಎದುರು ಸಾಲಿನಲ್ಲಿ ಒಬ್ಬ ಎಂಜಿನ್ ಮೇಸ್ತ್ರಿ ಇದ್ದಾನೆ. ಯಾರು ಕೇಳಿದರೂ “ಕಂಪನಿದೇ ಹಾಕ್ರಿ, ಇಲ್ಲಾಂದ್ರೆ ನನ್ನ ಹತ್ರ ಬರಬ್ಯಾಡ್ರಿ” ಎನ್ನುವವನು. ಅವನ ಬಾಯಿಂದ ಲೋಕಲ್ ಅನ್ನುವ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ.

ಒಂದು ಶನಿವಾರ ಬಂದು, ತನ್ನ ಸ್ವಂತ ಬೈಕಿಗೆ ಲೋಕಲ್ ಪಿಸ್ಟನ್ ಸೆಟ್ ಕೊಡಿ ಎಂದ. ನಾನು ತಪ್ಪಿ ಕೇಳಿಸಿಕೊಂಡೆನೇನೋ ಎಂದು ಮತ್ತೆ ಕೇಳಿದೆ. ಲೋಕಲ್ಲೇ. ಅದರಲ್ಲೂ ಸಾಧಾರಣದ್ದು. “ಊರಿಗೆಲ್ಲ ಉಪದೇಶ ಹೇಳಿ ನೀನೇ ಹಿಂಗೆ ಮಾಡಿದ್ರೆ ಹೆಂಗೆ?” ಎಂದು ತರಾಟೆಗೆ ತೆಗೆದುಕೊಂಡೆ.

ಅವನು ತಲೆ ಕೆರೆದುಕೊಂಡ. “ಒರಿಜಿನಲ್ ಹಾಕಿದ್ರೆ ಗಾಡಿ ಕೆಡಾಂಗಿಲ್ಲಕ್ಕಾ. ಗಾಡಿ ಕೆಡ್ಲಿಲ್ಲ ಅಂದ್ರೆ ಭಾನುವಾರ ನಾನು ಅದರ ಮುಂದೆ ಕೂರಂಗಿಲ್ಲ. ಸುಮ್ಮನೆ ಕೂತದ್ದು ಕಂಡ್ರೆ ನನ್ನ ಹೆಂಡ್ತಿ ಅವರ ತೌರುಮನೆಗೆ ಹೊರಡಿಸ್ತಾಳೆ.”

ದೇವರ ಅಪ್ಪಣೆ

ಆನೆಕೊಂಡದಲ್ಲಿ ಒಬ್ಬರು ಮಂಡಕ್ಕಿ ಟೆಂಪೋದವರಿದ್ದಾರೆ. ಭಟ್ಟಿಯಿಂದ ಮಂಡಕ್ಕಿ ಚೀಲ ಹೇರಿಕೊಂಡು ದಿನಾ ಹರಿಹರದ ಅಂಗಡಿಗಳಿಗೆ ಹಾಕಿ ಬರುತ್ತಾರೆ. ಅವರ ಎಂಜಿನ್ನನ್ನು ನಮ್ಮ ಎದುರಿನ ಮೇಸ್ತ್ರಿಯೇ ಬಿಚ್ಚಿದ್ದ. ಮೇಸ್ತ್ರಿ ಕಂಪನಿದು ಅಂದ, ಅವರ ಬೀಗರು ಲೋಕಲ್ ಸಾಕು ಅಂದರು. ಇಬ್ಬರ ನಡುವೆ ಸಿಕ್ಕಿ ಆತ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಗಿದ್ದರು.

“ಅಕ್ಕಾರೆ, ಎರಡೂ ಸೆಟ್ ಮನಿಗೆ ಒಯ್ತೀನಿ. ಒಂದು ಇಟ್ಕಂಡು ಒಂದು ವಾಪಸ್ ತಂದು ಕೊಡ್ತೀನಿ” ಎಂದರು.

“ಮನೇಲಿ ಯಾರಿಗೆ ತೋರಿಸ್ತೀರಿ?”

“ದೇವ್ರಿಗೆ. ನಮ್ಮವ್ವ ಹೂವು ಕೇಳ್ತಾಳಂತೆ.”

ದೇವರ ತಲೆಯ ಮೇಲೆ ಒದ್ದೆ ಹೂವಿಟ್ಟು ಅಪ್ಪಣೆ ಕೇಳುವುದು ನಮ್ಮ ಮನೆಯಲ್ಲೂ ಉಂಟು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಸಂಬಂಧ ಕುದುರುತ್ತದೋ ಇಲ್ಲವೋ ಕೇಳುತ್ತಾರೆ, ಬೋರಿನಲ್ಲಿ ನೀರು ಬೀಳುತ್ತದೋ ಇಲ್ಲವೋ ಕೇಳುತ್ತಾರೆ. ದೇವರನ್ನು ಪಿಸ್ಟನ್ನಿನ ಬಗ್ಗೆ ಕೇಳಿದ್ದನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಆದರೂ ದೇವರ ಹೆಸರು ಬಂದ ಮೇಲೆ ಇಲ್ಲ ಅನ್ನುವುದು ಹೇಗೆ? ಎರಡೂ ಸೆಟ್ ಕೊಟ್ಟು ಕಳಿಸಿದೆ.

ಮರುದಿನ ಹಣೆತುಂಬ ವಿಭೂತಿ ಬಳಿದುಕೊಂಡು ಬಂದರು. ಬಲಗಡೆ ಕಂಪನಿದು, ಎಡಗಡೆ ಲೋಕಲ್ ಇಟ್ಟಿದ್ದರಂತೆ. ಹೂವು ಬಲಕ್ಕೇ ಬಿತ್ತಂತೆ. ದೇವರಿಗೂ ಮೇಸ್ತ್ರಿಗೂ ಒಂದೇ ಅಭಿಪ್ರಾಯ ಎಂದು ನನಗೂ ಸಮಾಧಾನವಾಯಿತು.

“ಒಳ್ಳೇದಾತು. ಲೋಕಲ್ ಸೆಟ್ ಎಲ್ಲಿ? ಕೊಡ್ರಿ” ಎಂದೆ.

“ಅದು ಬರಾಂಗಿಲ್ಲಕ್ಕಾರೆ. ದೇವ್ರ ಮುಂದೆ ಇಟ್ಟದ್ದನ್ನ ಅಂಗಡಿಗೆ ವಾಪಸ್ ಕೊಡಬಾರ್ದಂತೆ. ಅವ್ವ ಅಂದಾಳೆ” ಎಂದು ಎರಡರದ್ದೂ ದುಡ್ಡು ಇಟ್ಟು ಹೋದರು.

ನಾನು ದುಡ್ಡು ಎಣಿಸಿ ಗಲ್ಲಾಕ್ಕೆ ಹಾಕಿದೆ. ಮಾವನವರೂ ಗಟ್ಟಿ ವ್ಯಾಪಾರಸ್ಥರೇ, ನಮ್ಮ ಯಜಮಾನರೂ ಕಮ್ಮಿ ಇಲ್ಲ. ಆದರೆ ಒಂದೇ ಎಂಜಿನ್ನಿಗೆ ಎರಡು ಸೆಟ್ ಮಾರಿದ್ದು ಆ ದೇವರೊಬ್ಬನೇ.

ಹೊಗೆ

ಎಂಜಿನ್ ಕೂಡಿಸಿದ್ದಾಯಿತು, ಮಂಡಕ್ಕಿ ಟೆಂಪೋಗೆ ನಿಂಬೆಹಣ್ಣು ಕಟ್ಟಿ ಕಾಯಿ ಒಡೆದದ್ದೂ ಆಯಿತು. ನಾನು ಮರೆತೂಬಿಟ್ಟಿದ್ದೆ. ಒಂದು ದಿನ ಅಂಗಡಿ ತುಂಬ ಗಿರಾಕಿಗಳಿರುವಾಗ ಬೀದಿಯೆಲ್ಲ ನೀಲಿ ಹೊಗೆ ಕವಿಯಿತು. ಎಲ್ಲೋ ಬೆಂಕಿ ಬಿತ್ತೆಂದು ಹೊರಗೆ ಓಡಿದರೆ ಹೊಗೆಯ ನಡುವಿಂದ ಮಂಡಕ್ಕಿ ಟೆಂಪೋ ಬಂದು ಸರಿಯಾಗಿ ನಮ್ಮ ಬೋರ್ಡಿನ ಕೆಳಗೆ ನಿಂತಿತು.

ಆತ ಇಳಿದು ಬಂದು ಕೂಗಾಡಿದ್ದರೆ ನಾನೂ ಎರಡು ಮಾತಾಡಬಹುದಿತ್ತು. ಕೂಗಾಡಲಿಲ್ಲ. “ಅಕ್ಕಾರೆ, ಹರಿಹರದ ಅಂಗಡಿಯೋರು ನನ್ನ ಮಂಡಕ್ಕಿ ಹೊಗೆ ವಾಸನೆ ಹೊಡಿತೈತೆ ಅಂತ ವಾಪಸ್ ಕಳಿಸ್ಯಾರೆ. ನೀವು ಹಿಂಗೆ ಮಾಡ್ತೀರಿ ಅಂತ ಅನ್ಕಂಡಿರ್ಲಿಲ್ಲ” ಎಂದರು. ಅಷ್ಟೇ.

ಮೇಸ್ತ್ರಿಯನ್ನು ಕರೆದು ಎಂಜಿನ್ ಬಿಚ್ಚಿಸಿದೆ. ಮರುದಿನ ಅವನು ಒಂದು ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಂದು ಕೌಂಟರಿನ ಮೇಲಿಟ್ಟ. ಒರೆಸಿ ತಿರುಗಿಸಿ ನೋಡಿದೆ. ಕಂಪನಿಯ ಗುರುತು ಎಲ್ಲೂ ಇಲ್ಲ. ನಾನು ಕೊಟ್ಟಿದ್ದ ಲೋಕಲ್ ಸೆಟ್ಟೇ ಅದು.

“ಜೋಡಿಸೋವಾಗ ನಿನಗೆ ಕಾಣಲಿಲ್ಲೇನೋ?” ಎಂದು ಮೇಸ್ತ್ರಿಯ ಮೇಲೆ ಹಾರಿದೆ.

“ಡಬ್ಬಿ ಇರ್ಲಿಲ್ಲಕ್ಕಾ. ಹೊಸಾ ಬಟ್ಟೇಲಿ ಕಟ್ಟಿ, ವಿಭೂತಿ ಕುಂಕುಮ ಹಚ್ಚಿ ಕಳಿಸಿದ್ರು. ಅದನ್ನ ತಿರುವಿ ಹಾಕಿ ಗುರುತು ನೋಡಾಕೆ ಕೈ ಬರ್ಲಿಲ್ಲ. ದೇವ್ರ ಮನಿಯಿಂದ ಬಂದದ್ದನ್ನ ಒರಿಜಿನಲ್ಲೋ ಡೂಪ್ಲಿಕೇಟೋ ಅಂತ ಹೆಂಗೆ ಕೇಳ್ಲಿ?”

ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಯಾರೋ ಪುಣ್ಯಾತ್ಮ ಹೊಗೆಯನ್ನು ನಮ್ಮ ಬೋರ್ಡಿನ ಸಮೇತ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟಿದ್ದ. ‘ಒರಿಜಿನಲ್ ಅಂಗಡಿಯ ಒರಿಜಿನಲ್ ಹೊಗೆ’ ಎಂದು ಕೆಳಗೆ ಬರೆದಿದ್ದ. ದಿನಾ ಬರುವ ಗಿರಾಕಿಗಳು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದರು. ಪಕ್ಕದ ಅಂಗಡಿಯವರು ಬಂದು, “ಎಲ್ಲಾರ ಕಡೆನೂ ತಪ್ಪು ಆಗ್ತೈತೆ ಬಿಡ್ರಿ” ಎಂದು ಸಮಾಧಾನ ಹೇಳಿದರು. ಆ ಸಮಾಧಾನ ಕೇಳಿ ನನಗೆ ಅಳುವೂ ಬಂತು, ಸಿಟ್ಟೂ ಬಂತು. ಊರ ಬಾಯಿ ಮುಚ್ಚಲು ಯಾವ ಮುಚ್ಚಳವೂ ಸಾಲದು. ನಮ್ಮ ಯಜಮಾನರು ಎರಡು ದಿನ ಹರಿಹರಕ್ಕೇ ಹೋಗಲಿಲ್ಲ. ಹೋಗಿ ಏನಂತ ಮುಖ ತೋರಿಸಲಿ ಎಂದರು.

ಟೆಂಪೋದವರನ್ನು ಕರೆಸಿ ಕೇಳಿದೆ: “ನಾನು ಎರಡು ಸೆಟ್ ಕೊಟ್ಟಿದ್ದೆ. ಇದು ಲೋಕಲ್. ಇನ್ನೊಂದೆಲ್ಲೈತೆ?”

“ಅದೂ ಲೋಕಲ್ಲೇ ಇರಬೇಕು. ಎರಡು ಡಬ್ಬೀಲೂ ಲೋಕಲ್ ಹಾಕಿ ಕೊಟ್ಟಾರೆ ಅಂತ ಜನ ಅಂತಾರೆ” ಎಂದರು, ನನ್ನ ಮುಖ ನೋಡದೆ. “ಅವ್ವ ಎಲ್ಲೋ ಎತ್ತಿಟ್ಟಾಳೆ.”

“ನಡೀರಿ ನಿಮ್ಮ ಮನೆಗೆ” ಎಂದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ, ಇಲ್ಲಿ ಯಾರೂ ಕಣ್ಣಿನಿಂದಲೇ ನೋಡಿರಲಿಲ್ಲ. ಅಂಗಡಿ ಬಾಗಿಲು ಹಾಕಿ, ಮೇಸ್ತ್ರಿಯನ್ನೂ ಕರೆದುಕೊಂಡು ಆನೆಕೊಂಡಕ್ಕೆ ಹೊರಟೆ. ಸುದ್ದಿ ನಮಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ಬೀದಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಬಂದು ಕೂತಿದ್ದರು.

ಬಲಗಡೆಯ ಸೆಟ್

ಟೆಂಪೋದವರ ಅವ್ವ, ಆ ಅಜ್ಜಿ, ನಗುನಗುತ್ತ ಬಾಗಿಲಿಗೆ ಬಂದರು. “ಬಾರವ್ವಾ, ಬಾ. ಕೂಡು. ಮಂಡಕ್ಕಿ ತಿಂತಿಯೇನು?” ಎಂದು ಪಡಸಾಲೆಗೆ ಕರೆದರು. ನನಗೆ ಮಂಡಕ್ಕಿಯ ಹೆಸರು ಕೇಳಿದರೇ ಹೊಗೆ ಕಾಣುತ್ತಿತ್ತು. ಕೂರುವ ಮೊದಲು ಎದುರಿಗಿನ ಗೋಡೆ ಕಣ್ಣಿಗೆ ಬಿತ್ತು.

ಗೋಡೆಯಲ್ಲಿ ಗಾಜಿನ ಶೋಕೇಸು. ಮೇಲಿನ ಸಾಲಿನಲ್ಲಿ ಮೊಮ್ಮಗಳು ಶಾಲೆಯಲ್ಲಿ ಗೆದ್ದ ಕಪ್ಪು, ಯಾರೂ ಉಣ್ಣದ ಪಿಂಗಾಣಿ ತಟ್ಟೆಗಳು. ನಡುವಿನ ಸಾಲಿನಲ್ಲಿ, ಕೈಯಲ್ಲಿ ಹೆಣೆದ ಬಿಳಿ ಬಟ್ಟೆಯ ಮೇಲೆ, ತಲೆಕೆಳಗಾಗಿ ನಿಂತು ಪಳಪಳ ಹೊಳೆಯುತ್ತಿದ್ದವು ಕಂಪನಿಯ ಪಿಸ್ಟನ್ನುಗಳು. ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಪ್ಲಾಸ್ಟಿಕ್ ಗುಲಾಬಿ.

ಮೇಸ್ತ್ರಿಯ ಕೈಗಳು ತಮ್ಮಷ್ಟಕ್ಕೆ ಮುಗಿದುಕೊಂಡವು. ಟೆಂಪೋದವರು ಹತ್ತಿರ ಹೋಗಿ ಬಗ್ಗಿ ನೋಡಿದರು. ದಿನಾ ಅದರ ಮುಂದೆಯೇ ಓಡಾಡುವ ಮನುಷ್ಯ. ಆದರೆ ಶೋಕೇಸು ಬಂದವರು ನೋಡಲಿಕ್ಕೆ ಇರುವುದು, ಅದನ್ನು ಮನೆಯವರು ಯಾವತ್ತು ನೋಡಿದ್ದಾರೆ? ನಾನು ಗಾಜು ಸರಿಸಿ ಒಂದನ್ನು ಕೈಗೆತ್ತಿಕೊಂಡು ಗುಲಾಬಿ ತೆಗೆದೆ. ಕಂಪನಿಯ ಗುರುತು ಅಚ್ಚುಕಟ್ಟಾಗಿತ್ತು.

“ಅವ್ವಾ, ದೇವ್ರು ಇದನ್ನೇ ಗಾಡಿಗೆ ಹಾಕು ಅಂದಿದ್ನಲ್ಲ” ಎಂದರು ಟೆಂಪೋದವರು.

“ದೇವ್ರು ಗಾಡಿ ಸುದ್ದಿ ಎಲ್ಲಿ ತೆಗೆದ? ಯಾವ್ದು ಚಲೋದು ತಂದೆ ಅಂತ ನಾನು ಕೇಳ್ದೆ, ಬಲಗಡೇದು ಅಂದ. ದೇವ್ರು ಮೆಚ್ಚಿದ್ದನ್ನ ಒಯ್ದು ಎಣ್ಣೆ ಮಸಿಯಾಗೆ ತುರುಕ್ತಾರೇನು? ಅವಂಗೆ ಬ್ಯಾಡಾದದ್ದನ್ನ ನಿನ್ನ ಗಾಡಿಗೆ ಕಳಿಸ್ದೆ.”

“ಎಂಜಿನ್ನಿಗೆ ಚಲೋದು ಬೇಕಿತ್ತು ಅಜ್ಜೀ” ಎಂದೆ ನಾನು.

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದರು. “ಎಂಜಿನ್ ಒಳಗೆ ಯಾರು ನೋಡ್ತಾರೆ ತಾಯಿ? ಬೀಗರು ಬಂದ್ರೆ ಶೋಕೇಸ್ ನೋಡ್ತಾರೋ, ಎಂಜಿನ್ ಬಿಚ್ಚಿ ನೋಡ್ತಾರೋ?”

ನಮ್ಮ ಮನೆಯಲ್ಲೂ ಒಳ್ಳೆಯ ಲೋಟಗಳು ಬಂದವರಿಗೆ, ಸೊಟ್ಟ ಲೋಟಗಳು ನಮಗೆ. ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. “ಅಜ್ಜೀ, ನಾನು ಲೋಕಲ್ ಕೊಟ್ಟು ಮೋಸ ಮಾಡೀನಿ ಅಂತ ಊರೆಲ್ಲ ಆಡಿಕೊಳ್ತಾ ಐತೆ” ಎಂದುಬಿಟ್ಟೆ.

ಅಜ್ಜಿಯ ಮುಖ ಕೆಂಪಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕೈಲಿದ್ದ ಪಿಸ್ಟನ್ನನ್ನು ಕಿತ್ತುಕೊಂಡು ಹೊರಗಿನ ಕಟ್ಟೆಗೆ ಹೋಗಿ ನಿಂತರು. “ಯಾರವ್ವಾ ಈಕಿ ಮೋಸ ಮಾಡ್ಯಾಳೆ ಅಂದಾಕಿ? ಬರ್ರಿ, ಒಳಗೆ ಬಂದು ನೋಡ್ರಿ. ನನ್ನ ಶೋಕೇಸ್‌ನಾಗಿರಾದು ಅಪ್ಪಟ ಕಂಪನಿದು. ದೇವ್ರೇ ಹೂವು ಕೊಟ್ಟಾನೆ.” ಬೀದಿಯ ಹೆಂಗಸರೆಲ್ಲ ಸಾಲಾಗಿ ಒಳಗೆ ಬಂದು ಪಿಸ್ಟನ್ ನೋಡಿಕೊಂಡು ಹೋದರು. ಟೆಂಪೋದವರೇ ಅದನ್ನೂ ಮೊಬೈಲಿನಲ್ಲಿ ಹಿಡಿದು, ಹೊಗೆ ಹೋದ ದಾರಿಯಲ್ಲೇ ಊರಿಗೆಲ್ಲ ಕಳಿಸಿದರು. ನಮ್ಮ ಯಜಮಾನರು ಅಂದೇ ಹರಿಹರಕ್ಕೆ ಹೊರಟರು.

ಅಜ್ಜಿ ಮಾತ್ರ ಶೋಕೇಸಿನ ಸೆಟ್ ಬಿಟ್ಟುಕೊಡಲಿಲ್ಲ. ಟೆಂಪೋದವರು ಬೇರೆ ಕಂಪನಿ ಸೆಟ್ ಕೊಂಡರು. ಮೇಸ್ತ್ರಿ ಅದನ್ನು ಅವರ ಮನೆಯ ಕಡೆಗೇ ಸುಳಿಯಗೊಡದೆ, ನನ್ನ ಕೌಂಟರಿನಿಂದ ನೇರವಾಗಿ ಎಂಜಿನ್ನಿಗೆ ಇಳಿಸಿದ. ಹೊಗೆ ನಿಂತಿತು. ಊರು ನಂಬಿತೋ ಇಲ್ಲವೋ ಎಂಬ ಅಳುಕು ಮಾತ್ರ ನನ್ನೊಳಗೆ ಇದ್ದೇ ಇತ್ತು.

ಒಂದು ಮಧ್ಯಾಹ್ನ ಆನೆಕೊಂಡದಿಂದಲೇ ಒಬ್ಬ ಹೆಣ್ಣುಮಗಳು ಬಂದಳು. ಅಜ್ಜಿಯ ಎದುರು ಮನೆಯವಳಂತೆ. “ಅಕ್ಕಾರೆ, ಒಂದು ಪಿಸ್ಟನ್ ಸೆಟ್ ಕೊಡ್ರಿ.”

“ಯಾವ ಗಾಡಿಗಮ್ಮಾ?”

“ಗಾಡಿ ಇಲ್ರಿ ನಮ್ಮನ್ಯಾಗೆ. ಶೋಕೇಸ್ ಐತೆ.”

ನಾನು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಪಾಪ, ಸುಮ್ಮನೆ ಯಾಕೆ ದುಡ್ಡು ಕಳೆದುಕೊಳ್ಳಬೇಕು ಎಂದು, “ಶೋಕೇಸಿಗಾದ್ರೆ ಲೋಕಲ್ ಸಾಕಲ್ಲಮ್ಮಾ, ನೋಡೋಕೆ ಎರಡೂ ಒಂದೇ” ಎಂದೆ.

ಆಕೆ ಎರಡು ಹೆಜ್ಜೆ ಹಿಂದೆ ಸರಿದು ನನ್ನನ್ನೇ ನೋಡಿದಳು. “ಬ್ಯಾಡ್ರಿ, ಅಂಥಾವನ್ನ ಎಂಜಿನ್ನಿಗೆ ಹಾಕ್ತಾರಂತೆ. ನೀವು ಮೋಸ ಮಾಡಂಗಿಲ್ಲ ಅಂತ ಅಜ್ಜಿ ಹೇಳಿದ್ದಕ್ಕೇ ಇಷ್ಟು ದೂರ ಬಂದೀನಿ.”